ಸೆಂಗಾ ಎಂದರೆ ಸೋದರತ್ತೆ

ಮಾರ್ಚ್ 4, ಸೋಮವಾರ

ಎಡತೋಳು ಇನ್ನೂ ನೋಯುತ್ತಿದೆ. ಉಗಾಂಡ ಪ್ರಯಾಣಕ್ಕೆಂದು ಶನಿವಾರ ಬೆಂಗಳೂರಿನಲ್ಲಿ ಹಾಕಿಸಿಕೊಂಡ ಹಳದಿಜ್ವರದ ಲಸಿಕೆ. ಇಷ್ಟು ವರ್ಷ ಊರವರ ರಕ್ತ ತೆಗೆದವಳು ನಾನು, ನನ್ನ ಸರದಿ ಬಂದಾಗ ಮುಖ ತಿರುಗಿಸಿದೆ. ನರ್ಸ್ ನಕ್ಕಳು. ಇವರು ಮಾತ್ರ ಒಂದು ತೋಳು ಕೊಟ್ಟು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಅಂಗಡಿಯ ಗೊಬ್ಬರದ ಲೋಡ್ ವಿಚಾರ ಮಾತಾಡುತ್ತಲೇ ಇದ್ದರು.

ನಂಜನಗೂಡಿನಿಂದ ಬೆಳಗಿನ ಬಸ್. ಸುತ್ತೂರಿನವರೆಗೆ ನಿಂತೇ. ನರಸೀಪುರದ ಆಸ್ಪತ್ರೆಯಲ್ಲಿ ಜನವೋ ಜನ, ನಮ್ಮ ಲ್ಯಾಬ್ ಮುಂದೆ ಸಾಲು. ಮಧ್ಯಾಹ್ನ ಅವ್ವನ ಮನೆಗೆ ಊಟಕ್ಕೆ ಹೋದೆ. ಆಸ್ಪತ್ರೆಯ ಹಿಂದಿನ ಬೀದಿಯೇ. ಆದರೂ ಮದನ ಹೋದಮೇಲೆ ಅತ್ತ ಕಾಲೇಳುವುದಿಲ್ಲ.

ನನ್ನ ತಮ್ಮ. ಉಗಾಂಡದ ಗುಲಾಬಿ ತೋಟದಲ್ಲಿ ಸೂಪರ್‌ವೈಸರ್. ಅಲ್ಲೇ ಪ್ಯಾಕಿಂಗ್ ಶೆಡ್‌ನ ಪ್ರಾಸಿಯನ್ನು ಮದುವೆಯಾದ. ಅವತ್ತಿನಿಂದ ಅವ್ವ ಅವನ ಜೊತೆ ಮಾತು ಬಿಟ್ಟಳು. ಪ್ರಾಸಿ ಕಾಯಿಲೆ ಬಿದ್ದು ಹೋದಳು. ಇವನು ಕಳೆದ ಅಕ್ಟೋಬರ್‌ನಲ್ಲಿ, ಬೈಕ್ ಅಪಘಾತದಲ್ಲಿ. ಉಳಿದದ್ದು ಆರು ವರ್ಷದ ಮಗಳು, ಮಿರೆಂಬೆ. ತಾಯಿಯ ತಾಯಿ ಸಾಕುತ್ತಿದ್ದಾರೆ. ಅವರೇ ತೋಟದವರಿಂದ ಫೋನ್ ಮಾಡಿಸಿದ್ದು — ಮಗು ತಂದೆಯ ಕುಲಕ್ಕೆ ಸೇರಿದ್ದು, ನನಗೆ ವಯಸ್ಸಾಯಿತು, ಬಂದು ಕರೆದುಕೊಂಡು ಹೋಗಿ.

ಅವ್ವ ಅನ್ನ ಬಡಿಸುತ್ತಾ, "ಆ ಮಗ ನಮ್ಮವ್ರಂಗೆ ಅದಾ?" ಅಂದಳು.

"ಫೋಟೊ ನೋಡಿದ್ದೀಯಲ್ಲವ್ವ."

"ಫೋಟೊದಲ್ಲಿ ಗೊತ್ತಾಗಲ್ಲ ಕಣ್ ರಂಜಿ. ಕಿವಿ ನೋಡ್ಕಂಡ್ ಬಾ. ಮದನನ ಕಿವಿ ವಸಿ ಮುಂದಕ್ಕಿತ್ತು."

ಸಾರು ಎರಡು ಸಲ ಬಡಿಸಿದಳು. ಬಡಿಸಿದ್ದು ಮರೆತು.

ಏಪ್ರಿಲ್ 21, ಭಾನುವಾರ. ಎಂಟೆಬ್ಬೆ

ನಿನ್ನೆ ಬಂದಿಳಿದೆವು. ನಮ್ಮ ಮಗಳು ಅರ್ಪಿತ ಅವ್ವನ ಹತ್ತಿರ ಇದ್ದಾಳೆ. ಹತ್ತನೇ ಕ್ಲಾಸಿಗೆ ಹೋಗುವವಳು, ಬಿಟ್ಟು ಬಂದದ್ದಕ್ಕೆ ಮುನಿಸು.

ತೋಟದ ಗೇಟಿನಾಚೆ ಅಜ್ಜಿಯ ಮನೆ. ಎರಡು ಕೋಣೆ, ತಗಡಿನ ಸೂರು. ಅಂಗಳದ ಮಣ್ಣು ನಮ್ಮ ಕವಲಂದೆ ಕಡೆಯದರಂತೆ ಕೆಂಪು. ಮಗು ಹೊರಗೆ ಬಂತು. ಮೊಣಕಾಲೂರಿ ವಂದಿಸಿತು. ಏನು ಮಾಡಬೇಕೋ ತಿಳಿಯದೆ ನಾನೂ ಊರಿದೆ. ಇವರು ಮಾತ್ರ ಕೈಮುಗಿದು ನಿಂತೇ ಇದ್ದರು.

ಮಾತು ದಾಟಿಸುವವನು ಕಿಝಿಟೊ. ತೋಟದ ಡ್ರೈವರ್, ಮದನನ ಸ್ನೇಹಿತ. ಅಜ್ಜಿಯ ಲುಗಾಂಡವನ್ನು ಇಂಗ್ಲಿಷ್ ಮಾಡಿ ಹೇಳುತ್ತಾನೆ. ಎಲ್ಲರೂ ಆಕೆಯನ್ನು ಜಾಜಾ ಎನ್ನುತ್ತಾರೆ, ಅಜ್ಜಿ ಅಂತ.

"ಇವರು ಮದನ್‌ಗೆ ಏನಾಗಬೇಕು?" ನನ್ನ ಕಡೆ ನೋಡಿ ಜಾಜಾ ಕೇಳಿದರು.

"ಅಕ್ಕ."

"ಹಾಗಾದರೆ ಸೆಂಗಾ." ಮುಖದ ಗಂಟು ಸ್ವಲ್ಪ ಸಡಿಲವಾಯಿತು. ಸೆಂಗಾ ಎಂದರೆ ಸೋದರತ್ತೆಯಂತೆ. ಹೆಣ್ಣುಮಗುವನ್ನು ತಿದ್ದಿ ತೀಡುವುದು ಅವಳ ಹಕ್ಕು, ಅವಳ ಹೊಣೆ. ಮಗುವಿಗೂ ಹಾಗೇ ಕರೆಯಲು ಹೇಳಿದರು. ಕರೆಯಲಿಲ್ಲ.

ಊಟಕ್ಕೆ ಬೇಯಿಸಿದ ಬಾಳೆಕಾಯಿ, ಮೀನು. "ನಾವು ತಿನ್ನಲ್ಲ ಅಂತ ಎಂಗೇಳ್ಲಿ?" ಇವರು ನನ್ನ ಕಿವಿಯಲ್ಲಿ ಕೇಳಿದರು. ಮುಖ ನೋಡಿಯೇ ತಿಳಿದು ಕಿಝಿಟೊ ಹೇಳಿಬಿಟ್ಟ. ಜಾಜಾ ನಕ್ಕರು.

"ಮದನ್ ಕೂಡ ಹಾಗೇ ಹೇಳುತ್ತಿದ್ದ. ಮೊದಲ ವರ್ಷ."

ಇವರು ನನ್ನ ಮುಖ ನೋಡಿದರು. ನಾನು ಬಾಳೆಕಾಯಿ ನೋಡಿದೆ.

ಕಿವಿ ವಸಿ ಮುಂದಕ್ಕೇ ಇದೆ. ಫೋಟೊ ತೆಗೆದು ಅವ್ವನಿಗೆ ಕಳಿಸಿದೆ.

ಏಪ್ರಿಲ್ 26, ಶುಕ್ರವಾರ

ಮಗುವನ್ನು ದತ್ತು ಪಡೆಯಲು ವಕೀಲೆ ನಬುಕೆನ್ಯಾ ಕೇಸ್ ಹಾಕಿದ್ದಾರೆ. ಜಾಜಾ ಒಪ್ಪಿಗೆ ಕೊಟ್ಟಾಯಿತು. ಇನ್ನು ಮೈಸೂರು, ದೆಹಲಿ ಕಡೆಯ ಕಾಗದಪತ್ರವೆಲ್ಲ ಆದಮೇಲೆ ಮತ್ತೆ ಬರಬೇಕು.

ಸಂಜೆ ವಿಡಿಯೊ ಕಾಲ್. ಅವ್ವ ಮಗುವನ್ನು ಮೊದಲ ಸಲ ನೋಡಿದಳು. ಫೋನನ್ನು ಮುಖದ ಹತ್ತಿರ ತಂದು ಕಿವಿ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, "ಬೇಗ ಕರ್ಕಂಡ್ ಬಂದ್ಬುಡ್ರವ್ವ. ನಂಜುಂಡಪ್ಪಂಗೆ ಅರಕೆ ಒತ್ತಿವ್ನಿ. ಬಂದೇಟ್ಗೆ ಮಗೀದು ಮುಡಿ ಕೊಡುಸ್ತೀನಿ," ಅಂದಳು.

ಏನು ಹೇಳಿದರು ಎಂದು ಜಾಜಾ ಕೇಳಿದರು. ಖುಷಿಯಲ್ಲಿದ್ದೆ — ದೇವರಿಗೆ ಇವಳ ತಲೆಗೂದಲು ಕೊಡುತ್ತಾರಂತೆ, ಹೊಳೆದಂಡೆಯಲ್ಲಿ ಬೋಳಿಸಿ, ಎಂದೆ. ಕಿಝಿಟೊ ಹೇಳಿದ. ಜಾಜಾ ಎದ್ದು ಒಳಗೆ ಹೋದರು. ಒಲೆ ನೋಡಲು ಇರಬೇಕು.

ಜುಲೈ 14, ಭಾನುವಾರ. ನಂಜನಗೂಡು

ಇಷ್ಟು ದಿನ ಬರೆಯಲಾಗಲಿಲ್ಲ. ಓಡಾಟ. ಮನೆ ನೋಡಲು ಬಂದ ಅಧಿಕಾರಿ ಅರ್ಪಿತಳನ್ನು ಬೇರೆ ಕೂರಿಸಿ ಮಾತಾಡಿಸಿದರು. ಏನು ಕೇಳಿದರು ಎಂದರೆ ಹೇಳುವುದಿಲ್ಲ, "ಅದು ಸೀಕ್ರೆಟ್".

ಇವರು ಅಂಗಡಿಯಿಂದ ಬಂದವರೇ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. ಪಕ್ಕದ ಅಂಗಡಿ ಬೆಟ್ಟಸ್ವಾಮಿ ಕೇಳಿದನಂತೆ — "ಅಲ್ಲ ಕಣ್ಲಾ ಬಸವೇಶ, ಮೈಸೂರ್ನಲ್ಲಿ ಮಕ್ಳು ಇರ್ನಿಲ್ವಾ? ಅಷ್ಟ್ ದೂರದಿಂದ ಆ ಕರ್ರಗಿರೋ ಮಗನ್ನ..."

"ನೀವೇನಂದಿರಿ?"

"ನನ್ ಬಾಮೈದನ ಮಗಳು ಕಣಯ್ಯ ಅದು. ನಿನ್ ಬಾಮೈದನ ಮಗಳು ಆಗಿದ್ರೆ ಬಣ್ಣ ನೋಡಿ ಬುಟ್ ಬತ್ತಿದ್ದಾ ಅಂದೆ."

ಊಟ ಮಾಡುವಾಗ ಇನ್ನೊಮ್ಮೆ ಹೇಳಿದರು. ಏಪ್ರಿಲ್‌ನಲ್ಲಿ ವಿಮಾನ ಹತ್ತುವಾಗಲೂ ಇವರಿಗೆ ಅರೆಮನಸ್ಸಿತ್ತು. ನನಗೆ ಗೊತ್ತು.

ಸೆಪ್ಟೆಂಬರ್ 17, ಮಂಗಳವಾರ. ಎಂಟೆಬ್ಬೆ

ಆರ್ಡರ್ ಆಯಿತು. ಜಡ್ಜ್ ಹೋದ ವಾರವೇ ಮಗುವನ್ನೂ ಜಾಜಾ ಅವರನ್ನೂ ಮಾತಾಡಿಸಿದ್ದರು. ಆವತ್ತೂ ಜಾಜಾ ಒಪ್ಪಿಗೆಯೇ ಎಂದಿದ್ದರು. ಇಂದು ವಕೀಲೆಯ ಜೊತೆ ನಾವಿಬ್ಬರೇ ಇದ್ದದ್ದು.

ಸಂಜೆ ಅವರ ಮನೆಗೆ ಹೋದೆವು. ಬೀಗ. ಅಂಗಳದಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದ ಹಗ್ಗ, ಖಾಲಿ. ನೆನ್ನೆಯೇ ಮಗುವನ್ನು ಕರೆದುಕೊಂಡು ಮಸಾಕಾ ಆಚೆಯ ತಮ್ಮ ಹಳ್ಳಿಗೆ ಹೋದರು ಎಂದರು ಪಕ್ಕದ ಮನೆಯವರು. ಫೋನ್ ಸ್ವಿಚ್ ಆಫ್.

ಸೆಪ್ಟೆಂಬರ್ 18, ಬುಧವಾರ

ಪೊಲೀಸರ ಜೊತೆ ಹೋಗಿ ಕರೆತನ್ನಿ, ಕಾನೂನು ನಿಮ್ಮ ಕಡೆ ಇದೆ ಎಂದರು ವಕೀಲೆ. ಶನಿವಾರಕ್ಕೆ ಟಿಕೆಟ್.

"ಆರ್ಡರ್ ನಮ್ ಕೈಲದೆ ರಂಜು. ಪೊಲೀಸ್ನೋರ್ನ ಕರ್ಕಂಡೋದ್ರೆ ತಪ್ಪೇನು?"

"ಮಿರೆಂಬೆ ಸಾಯೋವರೆಗೂ ಅದನ್ನೇ ನೆನೆಸ್ಕೊತಾಳೆ ಕಣ್ರೀ. ನಮ್ಮತ್ತೆ ಪೊಲೀಸ್ ಜೀಪಲ್ಲಿ ಬಂದ್ಳು ಅಂತ."

ಇವರು ಹೊರಗೆ ಹೋಗಿ ನಿಂತರು. ಬಂದು, "ಕಿಝಿಟೊಗೆ ಫೋನ್ ಮಾಡು," ಅಂದರು.

ಸೆಪ್ಟೆಂಬರ್ 19, ಗುರುವಾರ. ಮಸಾಕಾ ಆಚೆ

ದಾರಿಯಲ್ಲಿ ಭೂಮಧ್ಯರೇಖೆ. ಕಿಝಿಟೊ ಗಾಡಿ ನಿಲ್ಲಿಸಿದ, ಎಲ್ಲರೂ ಇಳಿದು ಫೋಟೊ ತೆಗೆಸಿಕೊಳ್ಳುವ ಜಾಗವಂತೆ. ನಾವು ಇಳಿಯಲಿಲ್ಲ.

ಬಾಳೆತೋಟದ ನಡುವೆ ಮನೆ. ಜಾಜಾ ಚಾಪೆಯ ಮೇಲೆ ಕುಳಿತು ಮಗುವಿನ ತಲೆ ಬಾಚುತ್ತಿದ್ದರು. ನಮ್ಮನ್ನು ಕಂಡೂ ಏಳಲಿಲ್ಲ. ಬಾಚಣಿಗೆ ನಿಲ್ಲಲಿಲ್ಲ. ಚಾಪೆಯ ಈಚೆ ತುದಿಯಲ್ಲಿ ಕೂತೆ. ಇವರು ಹಲಸಿನ ಮರದ ಕೆಳಗೆ ನಿಂತರು. ಕೋಳಿಗಳು ಓಡಾಡುತ್ತಿದ್ದವು.

ಕೊನೆಗೆ ಜಾಜಾ ಅವರೇ ಮಾತೆತ್ತಿದರು. "ನೀವು ಇವಳ ತಲೆ ಬೋಳಿಸುತ್ತೀರಿ."

ನನಗೆ ಆಗ ಹೊಳೆಯಿತು, ಏಪ್ರಿಲ್‌ನಲ್ಲಿ ಅವರು ಎದ್ದು ಒಳಗೆ ಹೋದದ್ದು.

"ತಾಯಿ ಸತ್ತಾಗ ಬೋಳಿಸಿದೆವು. ತಂದೆ ಸತ್ತಾಗ ಬೋಳಿಸಿದೆವು. ನಾನಿನ್ನೂ ಬದುಕಿದ್ದೇನೆ. ಈಗ ಯಾರಿಗೋಸ್ಕರ ಬೋಳಿಸುತ್ತೀರಿ?" ಕಿಝಿಟೊ ನೆಲ ನೋಡುತ್ತಾ ಹೇಳಿದ.

ಅದು ಸಾವಿನದಲ್ಲ, ಸಂತೋಷದ್ದು ಎಂದು ಹೇಳಬಹುದಿತ್ತು. ಬೆಳೆದ ಕೂದಲನ್ನು ಕೈಯಲ್ಲಿ ಹಿಡಿದು ಕೂತವರಿಗೆ ಏನು ಹೇಳುವುದು. ಅಲ್ಲಿಂದಲೇ ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ. ಸಿಗ್ನಲ್‌ಗಾಗಿ ಮರದ ಬುಡಕ್ಕೆ ಹೋಗಿ, ಸಿಕ್ಕಮೇಲೆ ಎಲ್ಲರನ್ನೂ ಅಲ್ಲಿಗೇ ಕರೆದೆ. ವಿಷಯ ಹೇಳಿದೆ.

"ಅವ್ರಲ್ಲಿ ಅಂಗಾ?" ಅಂದಳು ಅವ್ವ. ಸ್ವಲ್ಪ ಹೊತ್ತು ಫೋನಿನಿಂದ ಮುಖ ಆಚೆ ಮಾಡಿದಳು. ಮತ್ತೆ ಬಂದಳು. "ಮಗೀದು ಬ್ಯಾಡ. ನಂದೇ ಕೊಡ್ತೀನಿ ಅಂತೇಳು ಆಯಮ್ಮಂಗೆ. ಅರಕೆ ಒತ್ತೋಳು ನಾನು, ಮಗ ಏನ್ ಮಾಡ್ಯದೆ?"

ಕಿಝಿಟೊ ಹೇಳಿದ. ಜಾಜಾ ಫೋನನ್ನು ಕೈಗೆ ತೆಗೆದುಕೊಂಡರು. ದೂರ ಹಿಡಿದು ನೋಡಿದರು. ಏನೋ ಕೇಳಿದರು.

"ನಿಮ್ಮ ತಾಯಿಗೆ ಕೊಡುವಷ್ಟು ಕೂದಲು ಇದೆಯಾ ಅಂತ ಕೇಳುತ್ತಿದ್ದಾರೆ."

ಅವ್ವ ತುರುಬು ಬಿಚ್ಚಿ ತೋರಿಸಿದಳು. ಬೆಳ್ಳಗೆ, ತೆಳ್ಳಗೆ, ಬಾಲದಂತೆ. ಜಾಜಾ ತಮ್ಮ ತಲೆಯ ಬಟ್ಟೆ ತೆಗೆದು ತಮ್ಮದನ್ನು ತೋರಿಸಿದರು. ಅದೂ ಅಷ್ಟೇ. ಇಬ್ಬರೂ ನಕ್ಕರು. ನಗುತ್ತಾ ಅವ್ವ ಅಳುವುದಕ್ಕೆ ಶುರು ಮಾಡಿದಳು. "ನನ್ ಮಗನ್ನ ನೋಡ್ಕಂಡ್ಲಲ್ಲವ್ವ ನಿನ್ ಮಗಳು. ನಾನ್ ಮಾತಾಡ್ಸ್ನಿಲ್ಲ." ಅದನ್ನು ದಾಟಿಸು ಎಂದು ಕಿಝಿಟೊಗೆ ನಾನು ಹೇಳಲಿಲ್ಲ. ಜಾಜಾ ಕೇಳಲೂ ಇಲ್ಲ.

ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಇಲ್ಲೇ ಉಳಿಯಿರಿ ಎಂದರು.

ಸೆಪ್ಟೆಂಬರ್ 21, ಶನಿವಾರ

ವಿಮಾನ ಹೋಯಿತು. ಇವರು ಟಿಕೆಟ್ ಮುಂದಕ್ಕೆ ಹಾಕಿಸಿ, ಪಂಚೆ ಕಟ್ಟಿ ಜಾಜಾ ಅವರ ಬಾಳೆಗೆ ಬುಡ ಬಿಡಿಸುತ್ತಿದ್ದಾರೆ.

ನನಗೆ ಜಡೆ ಹೆಣೆಯುವ ಪಾಠ. ಬೈತಲೆ ತೆಗೆಯುವುದು, ಎಣ್ಣೆ, ಸಣ್ಣ ಸಣ್ಣ ಎಳೆ, ತಲೆಗೆ ಅಂಟಿಸಿ ಹೆಣೆಯಬೇಕು. ಜೋರಾಗಿ ಎಳೆದೆ, ಮಗು ಮುಖ ಕಿವಿಚಿತು. ಜಾಜಾ ನನ್ನ ಕೈಗೆ ಪಟ್ಟನೆ ಹೊಡೆದರು. ಸೊಸೆಗೆ ಹೊಡೆಯುವ ಹಾಗೆ.

ಜಾಜಾ ಅವರ ಇನ್ನೊಂದು ಷರತ್ತು, ಮಗುವಿಗೆ ಮೀನು ತಪ್ಪಬಾರದು. ಇವರು ಯೋಚಿಸಿ ಹೇಳಿದರು, "ಮನೇಲಿ ಬ್ಯಾಡ. ವಾರಕ್ಕೊಂದ್ಸಲ ಓಟ್ಲಿಗೆ ಕರ್ಕಂಡೋಗಿ ನಾನೇ ತಿನ್ನುಸ್ಕಂಬತ್ತೀನಿ."

ಸಂಜೆ ಮಗು ಇಂಗ್ಲಿಷಿನಲ್ಲಿ ಕೇಳಿತು, ಜಾಜಾ ಕೂಡ ಬರುತ್ತಾರಾ. ಇಲ್ಲ ಎಂದೆ. ಸುಳ್ಳು ಹೇಳಬಹುದಿತ್ತು. ತಲೆಯಾಡಿಸಿ, ತನ್ನ ಬಟ್ಟೆ ಮಡಿಸಲು ಹೋಯಿತು.

ಸೆಪ್ಟೆಂಬರ್ 25, ಬುಧವಾರ. ಏರ್‌ಪೋರ್ಟ್

ಜಾಜಾ ಬರಲಿಲ್ಲ. ಬಾಗಿಲಲ್ಲೇ ಬೀಳ್ಕೊಟ್ಟರು. ಗಾಡಿ ತಿರುಗುವ ಮೊದಲೇ ಒಳಗೆ ಹೋದರು. ಮಗು ಅಳಲಿಲ್ಲ. ಇವರು ಅತ್ತರು.

ಅಕ್ಟೋಬರ್ 13, ಭಾನುವಾರ. ನಂಜನಗೂಡು

ಹೋದ ಸೋಮವಾರ ಅವ್ವ ಕಪಿಲೆಯ ದಂಡೆಯಲ್ಲಿ ಮುಡಿ ಕೊಟ್ಟಳು. ಇಲ್ಲೇ ಇದ್ದಾಳೆ. ಮಿರೆಂಬೆ ಎನ್ನಲು ಬಾರದು, "ರೆಂಬೆ" ಎನ್ನುತ್ತಾಳೆ.

ಯಾರನ್ನು ಕೇಳಿದರೂ ಒಳ್ಳೆ ಮಗು ಎನ್ನುತ್ತಾರೆ. ಅದೇ ನನ್ನ ಚಿಂತೆ. ಉಂಡ ತಟ್ಟೆ ತಾನೇ ತೊಳೆದಿಡುತ್ತಾಳೆ. ನೀರು ಕುಡಿಯಲೂ ಕೇಳುತ್ತಾಳೆ. ಟಿವಿ ಹಾಕು ಎಂದರೆ ಹಾಕುತ್ತಾಳೆ, ಆರಿಸು ಎಂದರೆ ಆರಿಸುತ್ತಾಳೆ. ಬೇಕು ಇಲ್ಲ, ಬೇಡ ಇಲ್ಲ. ಜಾಜಾ ಫೋನ್ ಮಾಡಿದಾಗಲೂ ಚೆನ್ನಾಗಿದ್ದೇನೆ ಎಂದಷ್ಟೇ.

ಅರ್ಪಿತ ಹೇಳಿದಳು, "ಅಮ್ಮ, ಅವ್ಳು ನೆಂಟ್ರ ಥರ ಇದ್ದಾಳೆ. ನೆಂಟ್ರು ಆದ್ರೆ ಹೋಗ್ತಾರಲ್ವಾ?"

ತಂದದ್ದು ಸರಿಯೋ ತಪ್ಪೋ. ಯಾರನ್ನು ಕೇಳಲಿ.

ನವೆಂಬರ್ 9, ಶನಿವಾರ. ರಾತ್ರಿ

ಇವತ್ತು ಜಗಳ. ಅರ್ಪಿತ ಚಾನೆಲ್ ಬದಲಾಯಿಸಿದಳಂತೆ. ಮಿರೆಂಬೆ ರಿಮೋಟ್ ಕಿತ್ತುಕೊಂಡು ಗೋಡೆಗೆ ಎಸೆದಿದ್ದಾಳೆ. ಬ್ಯಾಟರಿ ಒಂದು ಮಂಚದಡಿ, ಇನ್ನೊಂದು ಸಿಗಲೇ ಇಲ್ಲ. "ಓಗೇ, ಓಗೇ ನೀನು," ಅಂತ ಕಿರುಚುತ್ತಿದ್ದಾಳೆ. ಬೀದಿ ಮಕ್ಕಳಿಂದ ಕಲಿತದ್ದು. ಅವ್ವ ಸಮಾಧಾನ ಮಾಡಲು ಹೋದರೆ ಅವ್ವನಿಗೂ "ಓಗೇ".

"ಅಮ್ಮ, ನೋಡಿವ್ಳನ್ನ," ಎಂದು ಅರ್ಪಿತ ಬಂದಳು. ಬೈಯಬೇಕಿತ್ತು. ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತುಕೊಂಡೆ. ಇವರು ಇಬ್ಬರಿಗೂ ಸಮನಾಗಿ ಬೈದರು.

ಮಿರೆಂಬೆ ಉಪ್ಪಿಟ್ಟು ಮುಟ್ಟಲಿಲ್ಲ. "ಬ್ಯಾಡ," ಅಂದಳು. ಬಾಯಿಗೆ ಹಿಡಿದರೆ ನನ್ನ ಕೈ ತಳ್ಳಿದಳು. ನೆಲದ ತುಂಬ ಉಪ್ಪಿಟ್ಟು. ಆಮೇಲೆ ಅತ್ತಳು. ಇಲ್ಲಿಗೆ ಬಂದಮೇಲೆ ಮೊದಲ ಸಲ. ಜಾಜಾ, ಜಾಜಾ ಎಂದು, ಬಿಕ್ಕಿ ಬಿಕ್ಕಿ. ಅವ್ವ ಮಡಿಲಿಗೆ ಎಳೆದುಕೊಂಡಳು. ಬೆನ್ನಿಗೆ ಗುದ್ದಿಸಿಕೊಂಡು ಕೂತಿದ್ದಳು, ಪಾಪ, "ಒಡಿ, ಇನ್ನೂ ವಸಿ ಒಡಿ," ಎನ್ನುತ್ತಾ.

ಈಗ ಸದ್ದಿಲ್ಲ. ನೆಲ ಒರೆಸಿ ಬಂದು ಬರೆಯುತ್ತಿದ್ದೇನೆ. ನನಗೆ ಯಾಕೆ ಇಷ್ಟು ಹಗುರ ಅನ್ನಿಸುತ್ತಿದೆ, ಗೊತ್ತಿದೆ, ಬರೆಯಲು ಬರುತ್ತಿಲ್ಲ. ನೆಂಟರು ಯಾರಾದರೂ ಹೀಗೆ ಜಗಳ ಆಡು—

ಮತ್ತೆ ಶುರುವಾಯಿತು. ಹಾಸಿಗೆಯ ಗೋಡೆ ಕಡೆ ಯಾರು ಅಂತ ಇರಬೇಕು. "ಸೆಂಗಾ, ಇವ್ಳು ನನ್ ಜಾಗ..." — ಸೆಂಗಾ ಎಂದಳು, ಮೊದಲ ಸಲ. ಬಂದೆ ಇರು ಎಂದೆ. ಕೇಳುವ ಹಾಗಿಲ್ಲ. ಇಬ್ಬರೂ ಒಟ್ಟಿಗೇ ಕೂಗು—