ಭಂಡಾರದ ಹೆಬ್ಬೆಟ್ಟು

4-7-1983, ಸೋಮವಾರ, ಸಂಜೆ

ಮೂರನೇ ಕ್ಲಾಸಿನ ಕಾಪಿ ಪುಸ್ತಕ ತಿದ್ದುವುದು ಇನ್ನೂ ಅರ್ಧ ಉಳಿದಿದೆ. ಅಕ್ಕಿ ಆರಿಸಿಲ್ಲ. ತಲೆ ತುಂಬ ನಾಳಿನ ಆಫೀಸು. ಯಾವ ಆಫೀಸು ಅಂತ ಬರೆಯುವುದಿಲ್ಲ. ಬರೆದರೆ ಪೆನ್ನು ಹೊಲಸಾಗುತ್ತದೆ.

ನಮ್ಮೂರು ತಂಬ್ರಹಳ್ಳಿಯಲ್ಲಿ ಅವ್ವನ ಹೆಸರಿಗೆ ಸರ್ಕಾರ ಕೊಟ್ಟ ಮನೆ ಜಾಗ ಇದೆ. ನಾನು ಹಾಸ್ಟೆಲ್‌ನಲ್ಲಿ ಓದುತ್ತಿದ್ದಾಗ ಕೊಟ್ಟದ್ದು. ಕಟ್ಟುವ ಶಕ್ತಿ ಇರಲಿಲ್ಲ, ಹಾಗೇ ಬಿದ್ದಿತ್ತು. ಈಗ ನನಗೆ ಇಲ್ಲಿ ಬೊಮ್ಮನಹಳ್ಳಿಯಲ್ಲಿ ಟೀಚರ್ ನೌಕರಿ ಸಿಕ್ಕಿದೆ, ಎರಡು ಅಂಕಣ ಕಟ್ಟೋಣ ಅಂತ ಹೋದರೆ ಅದೇ ಊರಿನ ಓಬಳೇಶಪ್ಪ ಅಲ್ಲಿ ಮೇವಿನ ಬಣವೆ ಒಟ್ಟಿದ್ದಾನೆ. ಮೇಲೆ ಅರ್ಜಿ ಬೇರೆ — ಜಾಗ ಪಡೆದ ಗಾಳೆಮ್ಮ ಎಂದೋ ಸತ್ತಿದ್ದಾಳೆ, ಬೊಮ್ಮನಹಳ್ಳಿಯಲ್ಲಿ ಇರುವವಳು ಬೇರೆ ಯಾರೋ ಅಂತ!

ಸತ್ತವಳು ಇಲ್ಲೇ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಳೆ.

ಜಾಗ ಕೊಟ್ಟ ದಿನ ಒತ್ತಿದ ಹೆಬ್ಬೆಟ್ಟಿಗೂ ನಾಳಿನ ಹೆಬ್ಬೆಟ್ಟಿಗೂ ತಾಳೆ ಆಗಬೇಕಂತೆ. ತಾಳೆ ಆದರೆ ಜಾಗ ನಮ್ಮದು. ಆಗದಿದ್ದರೆ ಅವನದು. ಅಷ್ಟೇ ತಾನೆ? ಅವ್ವನಿಗೆ ಅದರ ಚಿಂತೆಯೇ ಇಲ್ಲ.

"ನಾಳಿ ಮಂಗಳಾರ ಐತಲ್ಲವಾ. ಜೋಗಕ್ಕ ಹೋಗಬೇಕು. ಬುಧಾರ ಹೋದ್ರಾತು."

ಜೋಗ! ಪ್ರತಿ ಮಂಗಳವಾರ ಪಡ್ಲಿಗಿ — ಉಚ್ಚಂಗೆಮ್ಮನ ಬಿದಿರು ಬುಟ್ಟಿ — ಹಿಡಿದು ಐದು ಮನೆ ಬೇಡುತ್ತಾಳೆ. ಜೋಳ ಹಾಕಿದವರ ಹಣೆಗೆ ಭಂಡಾರ — ದೇವಿಯ ಅರಿಶಿನ ಪುಡಿ — ಹಚ್ಚುತ್ತಾಳೆ. ಟೀಚರಮ್ಮನ ತಾಯಿ ಬೀದಿಯಲ್ಲಿ ಬೇಡುವುದು ನನಗೆ ಸೇರುವುದಿಲ್ಲ ಅಂತ ಎಷ್ಟು ಸಲ ಹೇಳಿದೆ. ನಾನು ತಂದು ತೂಗುಹಾಕಿದ ಬುದ್ಧನ ಫೋಟೋಕ್ಕೂ ಭಂಡಾರ ಹಚ್ಚಿಟ್ಟಿದ್ದಾಳೆ.

"ನಿನ್ನ ದೇವಿಗೆ ಒಂದು ವಾರ ರಜಾ ಕೊಡಬೇ," ಅಂದೆ. ರೊಟ್ಟಿ ತಿರುವಿ ಹಾಕಿದಳು.

5-7-83, ಮಂಗಳವಾರ

ಮೈಯೆಲ್ಲ ಉರಿಯುತ್ತಿದೆ.

ಆಫೀಸಿನ ಗೋಡೆ ತುಂಬ ಮಸಿ ಬೆರಳು ಒರೆಸಿದ ಗುರುತು. ಎಷ್ಟು ಜನರ ಕೈ ಹಿಡಿದು ಒತ್ತಿದ್ದಾರೋ. ಅವ್ವ ಎಡಗೈ ಮುಂದೆ ಮಾಡಿದಳು. ಸಾಹೇಬ ಗದರಿದ.

"ಹೆಂಗಸರದು ಬಲಗೈ ಕಣಮ್ಮ. ಎಡಗೈ ಗಂಡಸರದು. ರೂಲ್ಸು."

"ಸಾಹೇಬ್ರ, ಬಲಗೈ ಬ್ಯಾಡ್ರಿ, ಇದು..."

ಆ ಮಾತು ಮುಗಿಸಲು ನಾನೇ ಬಿಡಲಿಲ್ಲ. ಅಷ್ಟು ಮಂದಿಯ ಮುಂದೆ ದೇವಿ, ಭಂಡಾರ ಅಂತ ಶುರು ಮಾಡುತ್ತಾಳೆ ಅಂತ ನಾಚಿಕೆ. "ಸುಮ್ಮನ ಕೊಡಬೇ!" ಅಂತ ಬಲಗೈ ಜಗ್ಗಿ ಮಸಿಯ ಪ್ಯಾಡಿಗೆ ಒತ್ತಿದೆ. ಅವ್ವ ಕಣ್ಣು ಮುಚ್ಚಿಕೊಂಡಳು.

ಸಾಹೇಬ ಭೂತಗನ್ನಡಿ ಹಿಡಿದು ಹಳೆಯ ಗುರುತನ್ನೂ ಇದನ್ನೂ ನೋಡಿದ. ಟೀ ಕುಡಿದ. ಮತ್ತೆ ನೋಡಿದ.

"ಕೂಡೋಲ್ಲ. ಈಕೆ ಗಾಳೆಮ್ಮ ಅಲ್ಲ."

ಪ್ಯೂನ್ ಹುಲುಗಪ್ಪ ತಂಬ್ರಹಳ್ಳಿಯಲ್ಲಿ ನಮ್ಮ ಕೇರಿಯವನೇ. ಪಾಪ, ಬಾಯಿ ಬಿಟ್ಟ. "ಈಯಮ್ಮನ್ನ ನಾ ಸಣ್ಣಂದಿನಿಂದ ಬಲ್ಲೆನ್ರಿ. ಗಾಳೆಮ್ಮನ ಅದಾಳ್ರಿ."

"ನಿನ್ನ ಬಾಯಿ ಏನು ದಾಖಲೆನಾ? ಹೊರಗೆ ನಿಲ್ಲು."

ಜೀವಂತ ಮನುಷ್ಯಳು ಎದುರಿಗೆ ನಿಂತಿದ್ದಾಳೆ, ಇವನು ಕಾಗದವನ್ನು ಕೇಳುತ್ತಾನೆ! ಹೊರಗೆ ಓಬಳೇಶಪ್ಪ ಎಲೆಯಡಿಕೆ ಉಗುಳುತ್ತ ನಗುತ್ತಿದ್ದ. ಈ ತಿಂಗಳೊಳಗೆ ಬೇರೆ ಸಾಕ್ಷಿ ತರದಿದ್ದರೆ ಜಾಗ ಅವನ ಹೆಸರಿಗೆ.

ಅವ್ವ ಇವತ್ತು ಜೋಗಕ್ಕೆ ಹೋಗಲಿಲ್ಲ. ಸೀಮೆಎಣ್ಣೆ ಹಚ್ಚಿ ಹೆಬ್ಬೆಟ್ಟು ತಿಕ್ಕುತ್ತಲೇ ಕೂತಿದ್ದಾಳೆ. ಮಸಿ ತಾನೆ, ಹೋಗುತ್ತೆ ಬಿಡು ಅಂದೆ. ಹಾಗೇಕೆ ನೋಡಿದಳೋ ನನ್ನನ್ನು.

8-7-83

ಮಾತಿಲ್ಲ. ರೊಟ್ಟಿ ಇಡುತ್ತಾಳೆ, ಹೋಗುತ್ತಾಳೆ. ಕ್ಲಾಸಿನಲ್ಲಿ ಸುಮ್ಮನೆ ಮಕ್ಕಳ ಮೇಲೆ ರೇಗಿದೆ.

16-7-83, ಶನಿವಾರ

ಇವತ್ತು ಸ್ಫೋಟ. ಮಂಗಳವಾರವೂ ಪಡ್ಲಿಗಿ ಗೂಟದಿಂದ ಇಳಿದಿರಲಿಲ್ಲ. "ಏನಾಗೇತಿ ನಿನಗ? ಜಾಗ ಹೊಂಟೈತಿ, ನೀ ನೋಡಿದ್ರ ಬಾಯಿಗೆ ಬೀಗ ಹಾಕ್ಕೊಂಡು ಕುಂತಿ!" ಅಂತ ಕೂಗಿದೆ. ಆಗ ಅವ್ವ ಬಾಯಿ ಬಿಟ್ಟಳು.

"ಜಾಗ ಕೊಟ್ಟ ದಿನಾನೂ ಮಂಗಳಾರನ ಇತ್ತು. ಜೋಗ ಬೇಡಿ ಹಂಗ ಹೆಬ್ಬಟ್ಟು ಒತ್ತಾಕ ಸಾಲಿ ಬಯಲಿಗೆ ಹೋಗಿದ್ದೆ. ಭಂಡಾರ ಹಚ್ಚೋ ಬಲಗೈ ಹೆಬ್ಬಟ್ಟಿಗೆ ಮಸಿ ಮುಟ್ಟಸ್ತೀನೇನು? ಎಡಗೈ ಕೊಟ್ಟೆ. ಬರಕೊಳ್ಳಾಂವ ತಲಿ ಎತ್ತಿನೂ ನೋಡಲಿಲ್ಲ."

ಎಡಗೈ!

"ಅವತ್ತ ಆಫೀಸಿನಾಗ ಹೇಳಾಕ ಏನಾಗಿತ್ತಬೇ?"

"ಹೇಳಾಕ ಬಿಟ್ಟಿ ಏನು ನೀ?"

ಎದ್ದು ಹಿತ್ತಲಿಗೆ ಹೋದೆ. ಸಿಟ್ಟು ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಗೊತ್ತಾಯಿತು. ನನ್ನ ಮೇಲೆಯೇ. ಸಾಹೇಬ ಅವಳ ಕೈ ಮುಟ್ಟಿರಲಿಲ್ಲ. ಜಗ್ಗಿದವಳು ನಾನು.

18-7-83, ಸೋಮವಾರ

ಮತ್ತೊಂದು ಸಿ.ಎಲ್. ಹೋದರೆ ಹೋಗಲಿ.

ಎಡ ಹೆಬ್ಬೆಟ್ಟು ಕೊಟ್ಟಳು. ಭೂತಗನ್ನಡಿ ಹಿಡಿದ ಸಾಹೇಬನ ಮುಖ ನೋಡಬೇಕಿತ್ತು. ಅಚ್ಚಿನಿಂದ ತೆಗೆದ ಹಾಗೆ ಕೂಡಿತು! ಹುಲುಗಪ್ಪ ಬಾಗಿಲಲ್ಲೇ ಕೈಮುಗಿದ.

ದೇವರು ಕೊಟ್ಟರೂ ಪೂಜಾರಿ ಕೊಡ. "ಆದರೆ ಇಲ್ಲಿ 'ಬಲ' ಅಂತ ಬರೆದಿದೆಯಲ್ಲ? ಎಡ ಹೇಗೆ ಒಪ್ಪಲಿ?" ಅಂದ. ಬಗ್ಗಿ ನೋಡಿದೆ. ಎಲ್ಲ ಹೆಂಗಸರ ಹೆಸರಿನ ಮುಂದೆಯೂ ಒಂದೇ ಕೈಬರಹದಲ್ಲಿ ಬಲ, ಬಲ, ಬಲ. ಯಾವನೋ ಮೊದಲೇ ಬರೆದಿಟ್ಟುಕೊಂಡು ಬಂದಿದ್ದಾನೆ.

ಕಡೆಗೆ ಸಾಹೇಬ ಹೊಸ ಕಾಗದ ಮುಂದಿಟ್ಟ. "ಸರಿ. ಇದರಲ್ಲಿ ರೂಲ್ಸ್ ಪ್ರಕಾರ ಬಲಗೈಯದೂ ಒಂದು ಒತ್ತಿಬಿಡಿ, ಮುಗೀತು."

ಅವ್ವ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಸಾಹೇಬ್ರ, ಈ ಹೆಬ್ಬಟ್ಟಿಲೆ ಮಂದಿ ಹಣಿಗೆ ಭಂಡಾರ ಹಚ್ಚತಿದ್ದೆನ್ರಿ. ಮಗಳು ಜಗ್ಗಿದಳಂತ ಒಮ್ಮೆ ಮಸಿ ಮುಟ್ಟೀನಿ. ಇನ್ನೊಮ್ಮೆ ಆಗಂಗಿಲ್ಲ. ಜಾಗ ಹೋದ್ರ ಹೋಗವಲ್ದ್ಯಾಕ."

ಸಾಹೇಬ ನನ್ನ ಕಡೆ ನೋಡಿದ. ಓದಿದವಳು, ಬುದ್ಧಿ ಹೇಳು ಎನ್ನುವ ಹಾಗೆ. ಹೋದ ಸಲ ನಾನೇ ಹೇಳಿದ್ದೆನಲ್ಲ!

"ಕೊಡಂಗಿಲ್ರಿ," ಅಂದೆ. ಹೊರಗಿನವರಿಗೂ ಕೇಳುವಷ್ಟು ಜೋರಾಗಿ. "ಎಡಗೈ ಕೂಡೇತಿ, ನೀವ ನೋಡೀರಿ. ಆ ಹೆಬ್ಬಟ್ಟು ಆಕಿದಾದ್ರ ಆಕಿ ಗಾಳೆಮ್ಮನ. 'ಬಲ' ಅಂತ ಬರದದ್ದು ನಿಮ್ಮೋರ ತಪ್ಪು. ಅದನ್ನ ತಿದ್ದಿ ಸೈ ಮಾಡ್ರಿ, ಇಲ್ಲಾ ಯಾಕ ಮಾಡಂಗಿಲ್ಲ ಅಂತ ಬರದು ಕೊಡ್ರಿ. ಅಲ್ಲಿತನಕ ಏಳಂಗಿಲ್ಲ."

ಬೆಂಚಿನ ಮೇಲೆ ಕೂತೆವು. ಬಂದ ಹೋದ ಮಂದಿಯೆಲ್ಲ ಕೇಳಿದರು, ಹುಲುಗಪ್ಪ ಎಲ್ಲರಿಗೂ ಹೇಳಿದ. ಊಟದ ಹೊತ್ತು ಮೀರಿದ ಮೇಲೆ ಸಾಹೇಬ 'ಬಲ' ಹೊಡೆದುಹಾಕಿ 'ಎಡ' ಅಂತ ಬರೆದು ಸೈ ಮಾಡಿದ. ಬಣವೆ ತೆಗೆಯಲು ಓಬಳೇಶಪ್ಪನಿಗೆ ನೋಟೀಸು.

ಗೆದ್ದೆವು. ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಕೊಡಿಸಿದೆ. ಅವ್ವ ಎಡಗೈಯಲ್ಲಿ ಹಿಡಿದು ತಿಂದಳು. ಎಡಗೈಯಲ್ಲಿ ಎಂದೂ ತಿಂದವಳಲ್ಲ.

19-7-83, ಮಂಗಳವಾರ, ಬೆಳಿಗ್ಗೆ

ಪಡ್ಲಿಗಿ ಇನ್ನೂ ಗೂಟದಲ್ಲೇ ಇದೆ. ಅವ್ವ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಸುಮ್ಮನೆ ಗೋಡೆಗೆ ಒರಗಿ ಕೂತಿದ್ದಾಳೆ. ಹೆಬ್ಬೆಟ್ಟಿನ ಉಗುರಿನ ಬುಡದಲ್ಲಿ ಕಪ್ಪು ಗೆರೆ. ಎಷ್ಟು ತಿಕ್ಕಿದರೂ ಹೋಗಿಲ್ಲ.

"ಹೋಗಬೇ ಜೋಗಕ್ಕ."

"ಮಸಿ ಹತ್ತಿದ ಹೆಬ್ಬಟ್ಟಿಲೆ ತಾಯಿ ಭಂಡಾರ ಮುಟ್ಟಬಾರದವಾ."

"ಮನಿ ಜಾಗ ಬಂತಲ್ಲಬೇ!"

"ಅದು ನಿನಗ ಇರ್ಲಿ. ನನಗ ಐದು ಮನಿ ಇದ್ವು."

ಸಾಹೇಬನನ್ನು ಬೈದೆ, ಓಬಳೇಶಪ್ಪನನ್ನು ಬೈದೆ, ಇನ್ನು ಯಾರನ್ನು ಬೈಯಲಿ?

ಪಡ್ಲಿಗಿ ನಾನೇ ಇಳಿಸಿದೆ. ಜೀವಮಾನದಲ್ಲಿ ಮುಟ್ಟಿರಲಿಲ್ಲ. ಅವ್ವನ ಮುಂದೆ ಇಟ್ಟು, ಮುಖ ತೊಳೆದುಕೊಂಡು ಬಂದು ಎದುರಿಗೆ ಕೂತಿದ್ದೇನೆ. ನನಗೆ ಈಗಲೂ ದೇವಿಯ ಮೇಲೆ ನಂಬಿಕೆ ಇಲ್ಲ. ಆದರೂ ಹೇಳಿದೆ — ಮೊದಲನೇ ಮನಿ ಇದ ಅಂತ ತಿಳಕೋಬೇ, ನನ್ನ ಹಣಿಗೆ ಹಚ್ಚು.

ಸ್ಕೂಲಿನ ಗಂಟೆ ಹೊಡೆಯಿತು. ಹೋಗುವುದಿಲ್ಲ. ಹಟ ಅಂದರೆ ಹಟ. ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಇದನ್ನು ಗೀಚುತ್ತ ಕೂತಿದ್ದೇನೆ. ಸೆರಗಿನಿಂದ ಬಲಗೈ ಹೊರಗೆ ತೆಗೆದಳು. ಬೆರಳು ನೋಡಿಕೊಳ್ಳುತ್ತಿದ್ದಾಳೆ. ನನ್ನ ಹಣೆ ನೋಡುತ್ತಿದ್ದಾಳೆ. ಪಡ್ಲಿಗಿಯೊಳಗೆ ಕೈ...