ಮಜ್ಜಿಗೆ ಬಕೆಟ್ಟು

ಹೊಳಲ್ಕೆರೆ
೨೦-೨-೨೦೨೫, ಗುರುವಾರ

ಫೋನ್ ಎತ್ತದ ನನ್ನ ಯಜಮಾನರಿಗೆ,

ಚೈತ್ರಾ ಮಾಡುವ ನಮಸ್ಕಾರ. ಆರೋಗ್ಯ ಹೇಗಿದೆ? ಹೊಸದುರ್ಗದ ಅಕ್ಕನ ಮನೆಯಲ್ಲಿ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೀರೋ, ಇಲ್ಲ ಅಲ್ಲೂ ಹಟವೋ? ಇಲ್ಲಿ ನಾನು ಕ್ಷೇಮ ಎಂದು ಬರೆಯಬೇಕು, ಬರೆಯುವುದಿಲ್ಲ. ಹದಿನೈದು ದಿನದಿಂದ ಯಾವಾಗ ಫೋನ್ ಮಾಡಿದರೂ ನಿಮ್ಮ ಅಕ್ಕ ಅನ್ನಪೂರ್ಣಮ್ಮನೇ ಎತ್ತಿ, ಸ್ಪೀಕರ್ ಹಾಕಿ, "ಮಲ್ಕಂಡಾನೆ ಕಣಮ್ಮ" ಅನ್ನುತ್ತಾರೆ. ಬೀದಿಗೆಲ್ಲ ಕೇಳುವ ಫೋನಿನಲ್ಲಿ ಈ ವಿಷಯ ಹೇಳಲಾಗದು, ಅದಕ್ಕೇ ಕಾಗದ. ಬಾಗಿಲು ಹಾಕಿಕೊಂಡು ಓದಿ.

ಮರುಳಸಿದ್ದಪ್ಪ ಮಾವನ ಗೃಹಪ್ರವೇಶದಲ್ಲಿ ಮಜ್ಜಿಗೆ ಬಡಿಸುತ್ತಾ ಬಂದವಳು ನಿಮ್ಮ ತೊಡೆಯ ಮೇಲೇ ಬಕೆಟ್ ಕವುಚಿದೆ. ಅಷ್ಟೂ ಜನರೆದುರು ಮಾವ "ಕಣ್ ಕಾಣಲ್ವೇನವ್ವ ನಿಂಗೆ? ಗಂಡಂಗೆ ಸ್ನಾನ ಮಾಡಿಸ್ತೀಯಾ?" ಎಂದು ಬೈದರು. ನೀವು ಒದ್ದೆ ಪಂಚೆಯಲ್ಲೇ ಅಕ್ಕನ ಕಾರು ಹತ್ತಿ ಹೋದಿರಿ. ಹೆಂಡತಿ ಮಾನ ಕಳೆದಳೆಂದು ಮುನಿಸಿಕೊಂಡು ಹೋದ ಅಂತ ಎಲ್ಲರೂ ತಿಳಿದರು, ಹಾಗೇ ತಿಳಿಯಲಿ ಎಂದು ನೀವೂ ಸುಮ್ಮನಿದ್ದೀರಿ. ಆ ಬೈಗುಳ ಇನ್ನೂ ನನ್ನ ಎದೆಯಲ್ಲಿ ಉರಿಯುತ್ತಿದೆ.

ನನಗೆ ಏನೂ ಗೊತ್ತಿಲ್ಲ ಅಂದುಕೊಂಡಿದ್ದೀರಾ? ಒಂದು ವರ್ಷದಿಂದ ನಾನು ಏಳುವ ಮೊದಲೇ ಪಂಚೆ ಒಗೆದು ಹಿತ್ತಲಲ್ಲಿ ಹರವಿರುತ್ತೀರಿ. ಮಧ್ಯಾಹ್ನದ ಮೇಲೆ ಒಂದು ಗುಟುಕು ನೀರು ಕುಡಿಯುವುದಿಲ್ಲ. ಬೆಳಗ್ಗೆ ಕಕ್ಕಸಿನಲ್ಲಿ ಕುಳಿತರೆ ಗಂಟೆಯಾಗುತ್ತದೆ, ಹೊರಗೆ ಬಂದಾಗ ನಿಮ್ಮ ಮುಖ ಬಾಡಿರುತ್ತದೆ. ಬಸ್‌ಸ್ಟ್ಯಾಂಡ್ ಗೋಡೆಯ ಮೇಲಿನ ಗುಪ್ತರೋಗದ ಜಾಹೀರಾತು ನೋಡಿ ತಂದ ಆ ಪುಡಿಯ ಪೊಟ್ಟಣ ಸ್ಕೂಟರಿನ ಡಬ್ಬದಲ್ಲಿ ಸಿಕ್ಕಿತು. ಅದನ್ನು ಹಿಡಿದುಕೊಂಡಾಗ ಅಳು ಬಂತು, ಸಿಟ್ಟೂ ಬಂತು. ಎರಡು ವರ್ಷದಿಂದ ಗೋಡೆಗೆ ಮುಖ ಮಾಡಿ ಮಲಗುತ್ತೀರಲ್ಲ, ನಾನೇ ಬೇಡವಾದೆನೇನೋ ಎಂದು ಕನ್ನಡಿ ನೋಡಿಕೊಂಡು ಕೊರಗಿದವಳು ನಾನು. ಒಂದು ಮಾತು ಹೇಳಿದ್ದರೆ ಆ ಎರಡು ವರ್ಷ ಉಳಿಯುತ್ತಿತ್ತು.

ಮೊನ್ನೆ ಒಬ್ಬಳೇ ದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋದೆ. ಆರು ವರ್ಷದಿಂದ ನಿಮ್ಮ ನಡಿಗೆ ತೂರಾಡಿಸುವ ಈ ಅಟಾಕ್ಸಿಯಾ ನೋಡುತ್ತಿರುವ ಡಾಕ್ಟರನ್ನೇ ತರಾಟೆಗೆ ತೆಗೆದುಕೊಂಡೆ. "ಗೆರೆಯ ಮೇಲೆ ನಡೆಸುತ್ತೀರಿ, ಮೂಗು ಮುಟ್ಟಿಸುತ್ತೀರಿ, ಒಂದು ದಿನವಾದರೂ ಉಚ್ಚೆಯ ಬಗ್ಗೆ, ಹಾಸಿಗೆಯ ಬಗ್ಗೆ ಕೇಳಿದ್ದೀರಾ?" ಎಂದೆ. ಪಕ್ಕದಲ್ಲಿದ್ದ ನರ್ಸ್ ತಲೆ ತಗ್ಗಿಸಿದಳು, ನಾನು ತಗ್ಗಿಸಲಿಲ್ಲ. "ತಪ್ಪು ನಂದೇ ಕಣಮ್ಮ, ಕೇಳ್ಬೇಕಿತ್ತು" ಅಂದರು ಪಾಪ. ಕಾಲು ತಪ್ಪಿಸುವ ಕಾಯಿಲೆಯೇ ಇದನ್ನೂ ಮಾಡುತ್ತದಂತೆ, ಮನಸ್ಸು ಕೆಟ್ಟದ್ದಲ್ಲ, ಗಂಡಸುತನದ ಪ್ರಶ್ನೆಯೂ ಅಲ್ಲ. ನೀರು ಬಿಟ್ಟರೆ ಮಲ ಗಟ್ಟಿಯಾಗಿ ಉಚ್ಚೆಯ ಕಾಟ ಇನ್ನೂ ಹೆಚ್ಚಂತೆ. ಹೊತ್ತು ನೋಡಿಕೊಂಡು ಹೋಗಿಬರುವ ಅಭ್ಯಾಸ, ಮಾತ್ರೆ, ಎಲ್ಲಕ್ಕೂ ಒಂದಿಷ್ಟು ದಾರಿ ಇದೆ. ಪೂರ್ತಿ ವಾಸಿಯಾಗುತ್ತದೆ ಎಂದು ಮಾತ್ರ ಹೇಳಲಿಲ್ಲ, ನಾನೂ ಸುಳ್ಳು ಬರೆಯುವುದಿಲ್ಲ. ಪುಡಿಯನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿಸಿದರು.

ನಿಮ್ಮ ಅಪ್ಪನಿಗೂ ಇದೇ ಕಾಯಿಲೆ. ಕುಡುಕ ಅಂತ ಊರು ಆಡಿಕೊಂಡಿತು, ಅವರು ಹೊರಗೆ ಹೋಗುವುದನ್ನೇ ಬಿಟ್ಟು ಕೋಣೆ ಸೇರಿದರು. ಅತ್ತೆ ಕೊನೆಯವರೆಗೂ ಯಾಕೆಂದು ಕೇಳಲಿಲ್ಲ. ನಾನು ಅತ್ತೆಯಷ್ಟು ಸಾಧುವಲ್ಲ. ನೀವು ಆ ಕೋಣೆ ಸೇರಲು ನಾನು ಬಿಡುವುದಿಲ್ಲ.

ಸೋಮವಾರ ಹತ್ತು ಗಂಟೆಗೆ ದುರ್ಗದಲ್ಲಿ ನಿಮ್ಮ ಹೆಸರು ಬರೆಸಿದ್ದೇನೆ. ಒಳಗೆ ಇಬ್ಬರೂ ಹೋಗಬೇಕಂತೆ. ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಬುಧವಾರ ಶಿವರಾತ್ರಿ, ನೀವು ನಮ್ಮ ಮನೆಯಲ್ಲೇ ಇರಬೇಕು. ಅಕ್ಕನಿಗೆ ನಮಸ್ಕಾರ ತಿಳಿಸಿ, ಕಾಗದ ಮಾತ್ರ ತೋರಿಸಬೇಡಿ.

ಇನ್ನೂ ಸಿಟ್ಟು ಇಳಿಯದ
ನಿಮ್ಮ ಚೈತ್ರಾ

ಮರೆತಿದ್ದೆ: ಆವತ್ತು ನನ್ನ ಕೈ ಜಾರಲಿಲ್ಲ. ಹಿರಿಯರು ಏಳುವ ತನಕ ಪಂಕ್ತಿ ಬಿಟ್ಟು ಏಳುವಂತಿಲ್ಲ ಎಂದು ನೀವು ಹಲ್ಲು ಕಚ್ಚಿ ಕುಳಿತಿದ್ದಿರಿ. ಪಂಚೆ ಒದ್ದೆಯಾಗುತ್ತಿದ್ದುದು ನನಗೆ ಕಂಡಿತು, ಪಕ್ಕದವರು ಇನ್ನೂ ನೋಡಿರಲಿಲ್ಲ. ಬಕೆಟ್ಟಿನಲ್ಲಿ ಅರ್ಧ ಮಜ್ಜಿಗೆ ಉಳಿದಿತ್ತು. ಇನ್ನು ನೂರು ಸಲ ಬೇಕಾದರೂ ಸುರಿದು ಬೈಸಿಕೊಳ್ಳುತ್ತೇನೆ, ಆದರೆ ಅದಕ್ಕೆ ನೀವು ಪಂಕ್ತಿಯಲ್ಲಿ ಕುಳಿತಿರಬೇಕು.