ಸೋರುವ ಲ್ಯಾಬು

ಸ್ಟಾಫರ್ಡ್, ೧೪ ಅಕ್ಟೋಬರ್ ೨೦೦೩, ಮಂಗಳವಾರ

ಗ್ರಾಂಟ್ ಬರಲಿಲ್ಲ. ಕಪ್ಪು ಜನರಿಗೆಂದೇ ಹಿಂದೆ ಕಟ್ಟಿದ್ದ ಇಲ್ಲಿನ ಹಳೇ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬ್ ರಿಪೇರಿಗೆಂದು ನಾನೇ ಕೂತು ಅರ್ಜಿ ಬರೆದುಕೊಟ್ಟಿದ್ದೆ. ಲ್ಯಾಬ್ ಸುಸ್ಥಿತಿಯಲ್ಲಿಲ್ಲ, ಆದ್ದರಿಂದ ಕೊಡಲಾಗದು ಅಂತ ಸರ್ಕಾರದವರ ಉತ್ತರ. ಸುಸ್ಥಿತಿಯಲ್ಲಿದ್ದಿದ್ದರೆ ಕೇಳುತ್ತಿದ್ದೆವಾ?

ಫೋನಲ್ಲಿ ಹೇಳಲು ಮನಸ್ಸಾಗದೆ ಕಾಲೇಜಿಗೇ ಡ್ರೈವ್ ಮಾಡಿಕೊಂಡು ಹೋದೆ. ಈ ವರ್ಷವೂ ಅಲ್ಲಿನ ಮಕ್ಕಳು ಪ್ರಯೋಗಗಳನ್ನೆಲ್ಲ ಬೋರ್ಡಿನ ಮೇಲೇ ನೋಡಬೇಕು. ಅಲ್ಲಿ ಕೆಮಿಸ್ಟ್ರಿ ಕಲಿಸುವ ಪ್ರೊಫೆಸರ್ ಹಾಲಿಸ್ ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸೀಲಿಂಗ್‌ನಿಂದ ತೊಟ್ಟಿಕ್ಕಿ ತುಂಬಿದ್ದ ಬಕೆಟ್ಟನ್ನು ಸಿಂಕಿಗೆ ಸುರಿಯುತ್ತಾ, "ಮುಂದಿನ ಸಲ ಏನು ಬರೆಯೋಣ, ನೀನೇ ಹೇಳು" ಅಂದರು.

ಅವರ ಕೈಯಿಂದ ಖಾಲಿ ಬಕೆಟ್ ಇಸಕೊಂಡು, ನೀರು ಬೀಳುವ ಜಾಗ ನೋಡಿ ಇಟ್ಟುಬಂದೆ. ನನ್ನಿಂದ ಆದದ್ದು ಅಷ್ಟೇ.